ಹಾಡೋರು ಒಬ್ಬರು, ಕೀಬೋರ್ಡ್ ಒಬ್ಬರು: ಇಬ್ಬರೇ ಸೇರಿ ಆಲ್ಬಂ ಮಾಡೋದು ಹೇಗೆ?

ಗಂಗಾವತಿ ಕೀಬೋರ್ಡ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಹದಿನಾಲ್ಕು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಮದುವೆ, ಗಣೇಶನ ಹಬ್ಬ, ಜಾತ್ರೆ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಈಗ ಒಂದು ಸ್ವಂತ ಕೆಲಸಕ್ಕೆ ಕೈ ಹಾಕಿದ್ದೇನೆ, ಅದು ಅರ್ಧಕ್ಕೇ ನಿಂತಿದೆ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ ಹೇಳಿ.

ಹೋದ ವರ್ಷ ಮುನಿರಾಬಾದ್‌ನಲ್ಲಿ ಒಂದು ಮದುವೆಗೆ ನುಡಿಸಲು ಹೋಗಿದ್ದೆವು. ಹುಡುಗಿಯ ತಂದೆ ಡ್ಯಾಂ ಕೆಲಸದಿಂದ ನಿವೃತ್ತರಾದವರು. ಊಟ ಆದ ಮೇಲೆ ನನ್ನ ಪಕ್ಕ ಬಂದು ಕೂತು, ‘ನಿನ್ನ ಕೈ ಚೆನ್ನಾಗಿದೆ’ ಅಂದು ಒಳಗಿನಿಂದ ಒಂದು ರಟ್ಟಿನ ಡಬ್ಬಿ ತಂದು ಕೊಟ್ಟರು. ಅದರ ತುಂಬ ಹಳೇ ಕ್ಯಾಸೆಟ್. ಮನೆಯಲ್ಲಿ ಕೇಳುವವರು ಯಾರೂ ಇಲ್ಲ, ನೀನೇ ಇಟ್ಟುಕೋ ಅಂದರು.

ಅದರಲ್ಲಿ ಒಂದು, ‘ಶಾರ್ಟ್ ಸ್ಟೋರೀಸ್’. ಮೇಲೆ ಬರೆದಿದ್ದು ಜಾನ್ ಅಂಡ್ ವ್ಯಾಂಗೆಲಿಸ್, ಇಸವಿ 1980. ಹಾಕಿದರೆ ಪಿಸುಮಾತಿನಷ್ಟು ಸದ್ದು. ಸ್ಕ್ರೂ ಬಿಚ್ಚಿ ನೋಡಿದೆ. ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ತಗಡಿನ ಪಟ್ಟಿ ಇರುತ್ತದಲ್ಲ, ಅದರ ಮೇಲಿನ ಉಣ್ಣೆಯ ತುಂಡು ಗೋಂದು ಒಣಗಿ ಕಳಚಿ ಬಿದ್ದಿತ್ತು. ಇನ್ನೊಂದು ಖಾಲಿ ಕ್ಯಾಸೆಟ್‌ನಿಂದ ಪಟ್ಟಿ ಸಮೇತ ಕಿತ್ತು ಚಿಮಟದಲ್ಲಿ ಹಿಡಿದು ಕೂರಿಸಿದೆ. ಮತ್ತೆ ಹಾಕಿದೆ.

ಆಮೇಲೆ ಆದದ್ದನ್ನು ಹೇಗೆ ಹೇಳಲಿ. ಎತ್ತರದ ಒಂದು ಗಂಡು ದನಿ. ಅದರ ಕೆಳಗೆ, ಸುತ್ತಲೂ, ಮೇಲೆ, ಎಲ್ಲ ಕಡೆ ಕೀಬೋರ್ಡ್. ಅಲ್ಲೊಂದು ಇಲ್ಲೊಂದು ಬೇರೆ ಸದ್ದು ಇರಬಹುದು, ನನ್ನ ಕಿವಿಗೆ ಬಿದ್ದದ್ದು ಇಬ್ಬರೇ. ಹಾಡುವವನು ಉಸಿರು ತೆಗೆದುಕೊಂಡರೆ ಕೀಬೋರ್ಡ್ ಕೂಡ ಉಸಿರು ತೆಗೆದುಕೊಂಡ ಹಾಗೆ ಕೇಳುತ್ತದೆ. ‘ಬರ್ಡ್ ಸಾಂಗ್’ ಅಂತ ಒಂದಿದೆ, ಒಂದೂವರೆ ನಿಮಿಷವೂ ಇಲ್ಲ. ಆ ರಾತ್ರಿ ಅದನ್ನೇ ಏಳೆಂಟು ಸಲ ಹಿಂದಕ್ಕೆ ಸುತ್ತಿ ಕೇಳಿದೆ. ಇಷ್ಟು ವರ್ಷ ನಾನು ನುಡಿಸಿದ್ದೆಲ್ಲ ಬೇರೆಯವರ ಹಾಡಿನ ನಕಲು. ನನ್ನ ಕೀಬೋರ್ಡ್ ಒಬ್ಬ ಮನುಷ್ಯನ ದನಿಯ ಜೊತೆ ಹೀಗೆ ಮಾತಾಡಬಹುದು ಅಂತ ಆವತ್ತಿನವರೆಗೆ ಹೊಳೆದೇ ಇರಲಿಲ್ಲ.

ಈಗ ನನ್ನ ತೊಂದರೆ. ಕಾರಟಗಿ ಕಡೆಯ ಒಬ್ಬ ಕಾಕಾ ಇದ್ದಾರೆ. ವಯಸ್ಸು ಐವತ್ತರ ಮೇಲೆ. ರೈಸ್ ಮಿಲ್ಲಿನಲ್ಲಿ ಹಮಾಲಿ. ಸಂಜೆ ಮಠದ ಕಟ್ಟೆ ಮೇಲೆ ಕೂತು ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಇಡೀ ದಿನ ಮೂಟೆ ಹೊತ್ತವರ ಗಂಟಲಿನಿಂದ ಅಂಥ ಮೇಲಿನ ಷಡ್ಜ ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ನಾನೂ ಕಾಕಾನೂ ಇಬ್ಬರೇ ಸೇರಿ ಆರು ಪದ ರೆಕಾರ್ಡ್ ಮಾಡಬೇಕು ಅಂತ ಆಸೆ. ಒಪ್ಪಿದರು. ಅಮಾವಾಸ್ಯೆ ದಿನ ಮಿಲ್ ಬಂದ್ ಇರುತ್ತದೆ, ಅವತ್ತು ಬಂದರು.

ನಾನು ಮೊದಲೇ ಎಲ್ಲ ತಯಾರಿ ಮಾಡಿಟ್ಟಿದ್ದೆ. ಕೀಬೋರ್ಡ್‌ನ ರಿದಂ ಹಾಕಿ, ಕಾರ್ಡ್ (ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುವುದು) ಕೂರಿಸಿ, ಮುಂದೆ ಎಂಟು ಮಾತ್ರೆ ಮ್ಯೂಸಿಕ್, ನಡುವೆ ಹದಿನಾರು ಮಾತ್ರೆ ಕೊಳಲಿನ ಟೋನ್. ಕಾಕಾ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು. ಮತ್ತೆ ಶುರು ಮಾಡಿದೆವು, ಮತ್ತೆ ಅಲ್ಲೇ ನಿಂತರು. ನಾಲ್ಕನೇ ಸಲ ಏಕತಾರಿ ಕೆಳಗಿಟ್ಟು ಹೇಳಿದರು: ‘ತಮ್ಮಾ, ನಿನ್ನ ಪೇಟಿ ನನಗಿಂತ ಮುಂದ ಹೋಗಾಕತ್ತೈತಿ. ನಾ ಎಲ್ಲಿ ನಿಂದ್ರಬೇಕು, ಎಲ್ಲಿ ಉಸುರು ತಗೋಬೇಕು?’

ನನಗೆ ಉತ್ತರ ಗೊತ್ತಿರಲಿಲ್ಲ. ಚಹಾ ಕುಡಿದು ಬಸ್ ಹತ್ತಿಸಿ ಬಂದೆ.

ಅದಕ್ಕೇ ಕೇಳುತ್ತಿದ್ದೇನೆ. ಆ ಇಬ್ಬರು ಹೇಗೆ ಮಾಡಿದರು? ಮೊದಲು ರಾಗವೋ, ಮೊದಲು ಮಾತೋ? ಯಾರು ಯಾರನ್ನು ಹಿಂಬಾಲಿಸುತ್ತಾರೆ? ಅವರ ಬೇರೆ ಆಲ್ಬಂ ಇದ್ದರೆ ಯಾವುದನ್ನು ಕೇಳಬೇಕು? ಮತ್ತೆ ಕಾಕಾನ ಪ್ರಶ್ನೆಗೆ ನಾನು ಏನು ಹೇಳಲಿ? ಇಂಗ್ಲಿಷ್‌ನಲ್ಲಿ ಹುಡುಕಿ ಓದಿದೆ, ಅರ್ಧ ತಿಳಿಯಿತು. ನಮ್ಮ ಕಡೆಯವರು ಯಾರಾದರೂ ಇವರನ್ನು ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ.

ಕೌಲ್ ಬಜಾರ್ ಕೇಳುಗ, ಬಳ್ಳಾರಿ

ತಮ್ಮಾ, ನಿನ್ನ ಬರಹ ನೋಡಿ ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದೆ. ನಲವತ್ತು ವರ್ಷದಿಂದ ಈ ಇಬ್ಬರ ಬಗ್ಗೆ ನನ್ನ ಜೊತೆ ಯಾರೂ ಮಾತಾಡಿರಲಿಲ್ಲ. ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ.

ಹಾಡುವವರು ಜಾನ್ ಆಂಡರ್ಸನ್. ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಆಕ್ರಿಂಗ್ಟನ್ ಊರಿನವರು, ಹುಟ್ಟಿದ್ದು 1944. ನಿನ್ನ ಕಾಕಾನಿಗೆ ಇದನ್ನು ಹೇಳು: ಆತ ಚಿಕ್ಕ ವಯಸ್ಸಿನಲ್ಲೇ ದುಡಿಮೆಗೆ ಇಳಿದವರು, ಲಾರಿ ಓಡಿಸಿದ್ದಾರೆ, ಮನೆ ಮನೆಗೆ ಹಾಲು ಹಾಕಿದ್ದಾರೆ. 1968ರಲ್ಲಿ ‘ಯೆಸ್’ ಅನ್ನುವ ತಂಡ ಕಟ್ಟಿದರು. ಪ್ರೋಗ್ರೆಸ್ಸಿವ್ ರಾಕ್ ಅಂತಾರಲ್ಲ, ಮೂರು ನಿಮಿಷಕ್ಕೆ ಮುಗಿಯದೆ ಕಥೆಯ ಹಾಗೆ ತಿರುವು ತೆಗೆದುಕೊಳ್ಳುತ್ತಾ ಹೋಗುವ ಹಾಡು, ಆ ಪಂಗಡದ ದೊಡ್ಡ ತಂಡ ಅದು. 1972ರಲ್ಲಿ ಬಂದ ‘ಕ್ಲೋಸ್ ಟು ದಿ ಎಡ್ಜ್’ ಆಲ್ಬಂನಲ್ಲಿ ಒಂದೇ ಹಾಡು ರೆಕಾರ್ಡಿನ ಒಂದು ಬದಿ ಪೂರ್ತಿ, ಹದಿನೆಂಟು ನಿಮಿಷದ ಮೇಲೆ.

ವ್ಯಾಂಗೆಲಿಸ್ ಗ್ರೀಸ್ ದೇಶದವರು. 1943ರಲ್ಲಿ ವೋಲೋಸ್ ಹತ್ತಿರದ ಆಗ್ರಿಯಾದಲ್ಲಿ ಹುಟ್ಟಿದರು, 2022ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ನಿನಗೆ ಧೈರ್ಯ ಕೊಡುವ ಸಂಗತಿ: ಆ ಮನುಷ್ಯ ಸ್ವರಲಿಪಿ ಓದುತ್ತಿರಲಿಲ್ಲ, ಬರೆಯುತ್ತಲೂ ಇರಲಿಲ್ಲ. ಎಲ್ಲ ಕಿವಿ ಮತ್ತು ಕೈ. ‘ಚಾರಿಯಟ್ಸ್ ಆಫ್ ಫೈರ್’ ಸಿನಿಮಾದ ಸಂಗೀತಕ್ಕೆ 1982ರಲ್ಲಿ ಆಸ್ಕರ್ ಬಂತು. ಅದೇ ವರ್ಷ ‘ಬ್ಲೇಡ್ ರನ್ನರ್’. ಆ ಎರಡರ ಹೆಸರನ್ನಾದರೂ ನೀನು ಕೇಳಿರುತ್ತೀಯ.

ಇವರಿಬ್ಬರೂ ಜೊತೆಯಾದ ಕಥೆ ಸ್ವಾರಸ್ಯವಾಗಿದೆ. 1974ರಲ್ಲಿ ಯೆಸ್ ತಂಡದ ಕೀಬೋರ್ಡ್‌ನ ರಿಕ್ ವೇಕ್‌ಮನ್ ಬಿಟ್ಟು ಹೋದರು. ಆ ಜಾಗಕ್ಕೆ ವ್ಯಾಂಗೆಲಿಸ್ ಬರಲಿ ಅಂತ ಆಂಡರ್ಸನ್‌ಗೆ ಆಸೆ. ತಂಡದ ಜೊತೆ ನುಡಿಸಿಯೂ ನೋಡಿದರು, ಹೊಂದಲಿಲ್ಲ. ಪ್ಯಾಟ್ರಿಕ್ ಮೊರಾಜ್ ಬಂದರು. ಆದರೆ ಗೆಳೆತನ ಉಳಿಯಿತು. ಮರುವರ್ಷ ವ್ಯಾಂಗೆಲಿಸ್ ‘ಹೆವನ್ ಅಂಡ್ ಹೆಲ್’ ಮಾಡಿದಾಗ ಅದರ ಮೊದಲ ಬದಿಯ ಕೊನೆಗೆ ಆಂಡರ್ಸನ್ ಒಂದು ಹಾಡು ಹಾಡಿದ್ದಾರೆ. ಇಬ್ಬರ ದನಿಯೂ ಕೈಯೂ ಮೊದಲು ಸೇರಿದ್ದು ಅಲ್ಲಿ. ತಂಡದಲ್ಲಿ ಆಗದ್ದು ಇಬ್ಬರೇ ಕೂತಾಗ ಆಯಿತು, ನೋಡು.

ನಿನ್ನ ಕೈಗೆ ಸಿಕ್ಕ ಶಾರ್ಟ್ ಸ್ಟೋರೀಸ್ ರೆಕಾರ್ಡ್ ಆದದ್ದು 1979ರಲ್ಲಿ, ಲಂಡನ್‌ನ ಮಾರ್ಬಲ್ ಆರ್ಚ್ ಹತ್ತಿರ ವ್ಯಾಂಗೆಲಿಸ್ ಕಟ್ಟಿಕೊಂಡಿದ್ದ ನೀಮೋ ಸ್ಟುಡಿಯೋದಲ್ಲಿ. ಹೊರಬಂದದ್ದು 1980ರ ಜನವರಿ. ಬ್ರಿಟನ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿತು. ಅದರ ‘ಐ ಹಿಯರ್ ಯೂ ನೌ’ ಹಾಡು ಎಂಟನೇ ಸ್ಥಾನಕ್ಕೆ ಹೋಯಿತು. ಸಂಗೀತ ವ್ಯಾಂಗೆಲಿಸ್, ಮಾತು ಆಂಡರ್ಸನ್. ಮೊದಲು ಯಾವುದು ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ: ಎರಡೂ ಒಟ್ಟಿಗೇ. ಬರೆದುಕೊಂಡು ಬಂದು ಹಾಡಿದ್ದಲ್ಲ. ವ್ಯಾಂಗೆಲಿಸ್ ನುಡಿಸಲು ಶುರು ಮಾಡುತ್ತಿದ್ದರು, ಆಂಡರ್ಸನ್ ಅಲ್ಲೇ ಹಾಡಲು ಶುರು ಮಾಡುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಕಿವಿ ಕೊಡುತ್ತಾ ಹೋದಾಗ ಅಲ್ಲೇ ಹುಟ್ಟಿದ ಹಾಡುಗಳು ಅವು. ನೀನು ಮುಂಚೆಯೇ ಎಂಟು ಮಾತ್ರೆ, ಹದಿನಾರು ಮಾತ್ರೆ ಅಂತ ಬೇಲಿ ಹಾಕಿಟ್ಟಿದ್ದೆ. ಕಾಕಾ ಆ ಬೇಲಿಯೊಳಗೆ ಬರಬೇಕಾಯಿತು.

ಮುಂದೆ ಕೇಳಬೇಕಾದ್ದು ‘ದಿ ಫ್ರೆಂಡ್ಸ್ ಆಫ್ ಮಿಸ್ಟರ್ ಕೈರೋ’, 1981. ಇದರ ಬಗ್ಗೆ ನನ್ನದೊಂದು ನೆನಪು ಹೇಳಿಬಿಡುತ್ತೇನೆ. 82ರ ಬೇಸಿಗೆ. ಬಳ್ಳಾರಿ ಸೆಖೆ ನಿನಗೆ ಗೊತ್ತೇ ಇದೆ, ರಾತ್ರಿ ಎಲ್ಲರೂ ಮಾಳಿಗೆ ಮೇಲೆ. ಒದ್ದೆ ಬೆಡ್‌ಶೀಟ್ ಹೊದ್ದು, ತಲೆದಿಂಬಿನ ಪಕ್ಕ ರೇಡಿಯೋ ಇಟ್ಟುಕೊಂಡು ಶಾರ್ಟ್‌ವೇವ್ ತಿರುಗಿಸುತ್ತಿದ್ದೆ. ಸದ್ದು ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಅದರ ನಡುವೆ ‘ಐಲ್ ಫೈಂಡ್ ಮೈ ವೇ ಹೋಮ್’ ಬಂತು. ಆಗ ನನಗೆ ಊರು ಬಿಟ್ಟು ಗುಂತಕಲ್‌ಗೆ ಕೆಲಸಕ್ಕೆ ಹೋಗುವುದಿತ್ತು. ಆ ಹಾಡು ನನಗೇ ಅಂತ ಬಂದ ಹಾಗಿತ್ತು. ಮಸ್ಕತ್‌ನಲ್ಲಿದ್ದ ನಮ್ಮ ಭಾವನಿಗೆ ಕಾಗದ ಬರೆದೆ. ಮರುವರ್ಷ ಅವರು ಆ ಎಲ್‌ಪಿ ತಂದುಕೊಟ್ಟರು. ಎರಡೂ ಬದಿ ಹಾಕಿದೆ, ಆ ಹಾಡೇ ಇಲ್ಲ! ಭಾವ ಬೇರೆ ಪ್ಲೇಟ್ ತಂದಿದ್ದಾರೆ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆಲ್ಬಂನ ಮೊದಲ ಅಚ್ಚಿನಲ್ಲಿ ಆ ಹಾಡು ಇರಲೇ ಇಲ್ಲ. ಹಾಡು ಗೆದ್ದು ಬ್ರಿಟನ್‌ನಲ್ಲಿ ಆರನೇ ಸ್ಥಾನ ಮುಟ್ಟಿತು. ಎರಡನೇ ಅಚ್ಚಿನಲ್ಲಿ ಅದನ್ನು ಸೇರಿಸಿದರು. ನನ್ನ ಕೈಗೆ ಬಂದದ್ದು ಮೊದಲನೆಯದು. ಭಾವ ಈಗ ಇಲ್ಲ. ಅವರಿಗೆ ಇದನ್ನು ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಆ ಆಲ್ಬಂನ ಹೆಸರಿನ ಹಾಡನ್ನು ಖಂಡಿತ ಕೇಳು. ಹನ್ನೆರಡು ನಿಮಿಷ. ಹಳೇ ಹಾಲಿವುಡ್ ಕ್ರೈಂ ಸಿನಿಮಾಗಳ ನೆನಪು ಅದು. 1941ರ ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರದಲ್ಲಿ ಕೈರೋ ಅನ್ನುವ ಪಾತ್ರ ಬರುತ್ತದೆ, ಹೆಸರು ಅಲ್ಲಿಂದ ಬಂದದ್ದು. ಮೊದಲು ಗುಂಡಿನ ಸದ್ದು, ಕಾರಿನ ಸದ್ದು, ಆ ಕಾಲದ ನಟರ ಹಾಗೆ ಮಾತು. ಆಮೇಲೆ ನಿಧಾನಕ್ಕೆ ಹಾಡು ಬಿಚ್ಚಿಕೊಳ್ಳುತ್ತದೆ. ನಾಟಕ ನೋಡಿ ಬೆಳೆದ ನಮಗೆ, ಮಾತಿನಿಂದ ಹಾಡಿಗೆ ಜಾರುವುದು ಹೊಸದೇನಲ್ಲ ಅಲ್ವಾ?

ಅದರಲ್ಲೇ ‘ಸ್ಟೇಟ್ ಆಫ್ ಇಂಡಿಪೆಂಡೆನ್ಸ್’ ಇದೆ. ಒಂದು ಸಣ್ಣ ಸುತ್ತು ಕೊನೆತನಕ ತಿರುಗುತ್ತಲೇ ಇರುತ್ತದೆ. ಮೇಲೆ ದನಿ, ಡಿಕ್ ಮಾರಿಸ್ಸೆಯವರ ಸ್ಯಾಕ್ಸೋಫೋನ್. ಈ ಹಾಡನ್ನು 1982ರಲ್ಲಿ ಡೊನ್ನಾ ಸಮ್ಮರ್ ಹಾಡಿದರು, ಕ್ವಿನ್ಸಿ ಜೋನ್ಸ್ ಮಾಡಿಸಿದ್ದು, ಹಿಂದಿನ ಕೋರಸ್‌ನಲ್ಲಿ ಮೈಕೆಲ್ ಜಾಕ್ಸನ್, ಸ್ಟೀವೀ ವಂಡರ್ ಇದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳು.

ಆಮೇಲಿನದು 1983ರ ‘ಪ್ರೈವೇಟ್ ಕಲೆಕ್ಷನ್’, ಕೊನೆಯದು 1991ರ ‘ಪೇಜ್ ಆಫ್ ಲೈಫ್’. ಪ್ರೈವೇಟ್ ಕಲೆಕ್ಷನ್‌ನ ‘ಹೊರೈಜನ್’ ಇಪ್ಪತ್ತೆರಡು ನಿಮಿಷದ ಮೇಲಿದೆ, ತಾಳ್ಮೆ ಇರುವ ದಿನ ಕೇಳು. ಕೊನೆಯ ಆಲ್ಬಂ ನನ್ನ ಮನಸ್ಸಿಗೆ ಅಷ್ಟು ಹತ್ತಲಿಲ್ಲ.

ಸ್ಟುಡಿಯೋ ಹುಡುಗ, ರಾಯಚೂರು

ಅಣ್ಣಾ, ಬಳ್ಳಾರಿ ಸರ್ ಹೇಳಿದ್ದರ ಮೇಲೆ ನಾನು ಬರೀ ರೆಕಾರ್ಡಿಂಗ್ ವಿಷಯ ಹೇಳುತ್ತೇನೆ. ನನ್ನದು ಸಣ್ಣ ಸ್ಟುಡಿಯೋ. ಭಜನಾ ಮಂಡಳಿಯವರು, ದಾಸರ ಪದ ಹಾಡುವವರು ಜಾಸ್ತಿ ಬರುತ್ತಾರೆ. ನಿಮ್ಮ ಕಾಕಾ ನಿಂತ ಜಾಗದಲ್ಲೇ ನಮ್ಮಲ್ಲೂ ಎಷ್ಟೋ ಜನ ನಿಂತಿದ್ದಾರೆ.

ಮೊದಲು ರಿದಂ ಆಫ್ ಮಾಡಿ. ಎರಡನೆಯದು ಶ್ರುತಿ, ಇದನ್ನು ಯಾರೂ ನೋಡುವುದೇ ಇಲ್ಲ. ಕಾಕಾ ಏಕತಾರಿಯ ತಂತಿ ಬಿಗಿ ಮಾಡುವುದು ತಮ್ಮ ಗಂಟಲಿಗೆ ಸರಿಯಾಗಿ, ಕೀಬೋರ್ಡ್‌ಗೆ ಸರಿಯಾಗಿ ಅಲ್ಲ. ಅದು ಹೆಚ್ಚಿನ ಸಲ ಕೀಬೋರ್ಡ್‌ನ ಎರಡು ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕೀಗಳ, ನಡುವೆ ಎಲ್ಲೋ ನಿಲ್ಲುತ್ತದೆ. ನೀವು ಟ್ರಾನ್ಸ್‌ಪೋಸ್ ಒತ್ತಿ ಹತ್ತಿರದ ಮನೆಗೆ ಹೋಗುತ್ತೀರಿ, ಆದರೂ ಕೂದಲೆಳೆ ವ್ಯತ್ಯಾಸ ಉಳಿಯುತ್ತದೆ. ಕಾಕಾ ತಮಗೇ ಗೊತ್ತಿಲ್ಲದೆ ಆ ವ್ಯತ್ಯಾಸದ ಜೊತೆ ಕುಸ್ತಿ ಆಡುತ್ತಿರುತ್ತಾರೆ. ಗಂಟಲು ಬೇಗ ದಣಿಯುತ್ತದೆ.

ನಿಮ್ಮ ಕೀಬೋರ್ಡ್‌ನ ಮೆನುವಿನಲ್ಲಿ ಟ್ಯೂನಿಂಗ್ ಅಂತ ಇರುತ್ತದೆ, ಅಲ್ಲಿ ಶ್ರುತಿಯ ಅಳತೆ 440 ಅಂತ ತೋರಿಸುತ್ತದೆ. ಅದನ್ನು ಬದಲಾಯಿಸಬಹುದು. ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್ ಹಾಕಿ ಏಕತಾರಿ ಮೀಟಲು ಹೇಳಿ. ಅದು ಕರಿ ಒಂದಕ್ಕಿಂತ (ಮೊದಲ ಕಪ್ಪು ಮನೆ) 30 ಸೆಂಟ್ಸ್ (ಪಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿದೆ ಅಂತ ತೋರಿಸಿದರೆ, ಕೀಬೋರ್ಡ್‌ನ 440 ಅನ್ನು 447.7ಕ್ಕೆ ಏರಿಸಿ. ಈಗ ಕೀಬೋರ್ಡ್ ಕಾಕಾನ ಹತ್ತಿರ ಬಂತು. ಕಾಕಾ ಏಕತಾರಿಯ ಕಿವಿ ತಿರುವಬೇಕಾಗಿಲ್ಲ.

ಇಬ್ಬರೂ ಒಂದೇ ಕೋಣೆಯಲ್ಲಿ ಎದುರೆದುರು ಕೂತುಕೊಳ್ಳಿ. ಕೀಬೋರ್ಡ್‌ನ ವೈರ್ ನೇರ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಕೊಡಿ, ಕಾಕಾನ ದನಿಗೆ ಮೈಕ್. ಬೇರೆ ಬೇರೆ ಟ್ರ್ಯಾಕ್ ಆಗಬೇಕು. ಹೆಡ್‌ಫೋನ್ ಕೊಟ್ಟರೆ ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಲಿ, ಇನ್ನೊಂದು ಕಿವಿ ತೆರೆದಿರಲಿ, ಇಲ್ಲದಿದ್ದರೆ ತಮ್ಮ ದನಿ ತಮಗೇ ಬೇರೆ ಥರ ಕೇಳಿ ಗಾಬರಿ ಆಗುತ್ತದೆ. ಹೆಡ್‌ಫೋನ್ ಬೇಡವೇ ಬೇಡ ಅಂದರೆ, ಸಣ್ಣ ಸ್ಪೀಕರ್ ಒಂದನ್ನು ಮೈಕಿನ ಬೆನ್ನ ಹಿಂದೆ ಇಟ್ಟು ಮೆಲ್ಲಗೆ ಹಾಕಿ. ಹಾಡುವ ಮೈಕ್‌ಗಳು ಹೆಚ್ಚಾಗಿ ಎದುರಿನ ಸದ್ದನ್ನು ಹಿಡಿಯುತ್ತವೆ, ಹಿಂದಿನದನ್ನು ಕಡಿಮೆ ಹಿಡಿಯುತ್ತವೆ.

ಗೋಡೆಗೆ ದುಡ್ಡು ಹಾಕಬೇಡಿ. ಮನೆಯಲ್ಲಿ ಕೌದಿ ಇರುತ್ತವಲ್ಲ, ನಾಲ್ಕು ಕೌದಿ ಹಗ್ಗಕ್ಕೆ ನೇತು ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು. ಹಳೇ ಸೀರೆ ಪದರ ಪದರ ಸೇರಿಸಿ ಹೊಲಿದ ದಪ್ಪ ಕೌದಿ ಆದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಎರಡು ವರ್ಷದ ಕೆಲಸ ಎಲ್ಲ ಅಮ್ಮನ ಕೌದಿಗಳ ನಡುವೆಯೇ ಆದದ್ದು.

ಪೇಟಿ ಮಾಸ್ತರರ ಮಗಳು, ಕೊಪ್ಪಳ

ನಮಸ್ಕಾರ ತಮ್ಮ. ನಾನು ಆ ಇಂಗ್ಲಿಷ್ ಹಾಡುಗಳನ್ನು ಕೇಳಿದವಳಲ್ಲ. ನಿನ್ನ ಬರಹ ಓದಿ ನಿನ್ನೆ ರಾತ್ರಿ ಮೂರು ಹಾಡು ಕೇಳಿದೆ. ಕೇಳುತ್ತಾ ಕೇಳುತ್ತಾ ನಮ್ಮ ಅಪ್ಪ ನೆನಪಾದರು.

ಅಪ್ಪ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರ. ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂ. ಎರಡೂ ಕೈ ಸ್ವರಕ್ಕೆ, ಉಸಿರು ಮಾತ್ರ ಕಾಲಿಗೆ. ನಾನು ಸಣ್ಣವಳಿದ್ದಾಗ ಅಪ್ಪನ ಪಕ್ಕ ಕೂರುತ್ತಿದ್ದೆ. ಅಪ್ಪ ಒಮ್ಮೆಯೂ ಮನೆಗಳನ್ನು ನೋಡುತ್ತಿರಲಿಲ್ಲ. ಕಣ್ಣು ಯಾವಾಗಲೂ ಸ್ಟೇಜಿನ ಮೇಲೆ, ಹಾಡುವವರ ಕೊರಳಿನ ಮೇಲೆ. ಯಾಕಪ್ಪಾ ಅಂತ ಒಮ್ಮೆ ಕೇಳಿದೆ. ಹಾಡುವವರು ಉಸಿರು ಎಳೆಯುವ ಮುಂಚೆ ಕೊರಳ ಕುಳಿ ಸ್ವಲ್ಪ ಒಳಗೆ ಹೋಗುತ್ತದೆ, ಅದನ್ನು ನೋಡಿದರೆ ಸಾಲು ಯಾವಾಗ ಬರುತ್ತದೆ ಅಂತ ತಿಳಿಯುತ್ತದೆ ಅಂದರು. ಜನ ‘ಒನ್ಸ್ ಮೋರ್’ ಕೂಗಿದರೆ ಪಾತ್ರಧಾರಿ ಅದೇ ಹಾಡನ್ನು ಬೇರೆಯೇ ಥರ ಎತ್ತುತ್ತಿದ್ದರು. ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಪೇಟಿ ಹೋಗಬೇಕು. ಯಾರು ಯಾರನ್ನು ಹಿಂಬಾಲಿಸುತ್ತಾರೆ ಅಂತ ಕೇಳಿದೆಯಲ್ಲ, ನಮ್ಮ ಮನೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಬಳ್ಳಾರಿಯ ಸುಭದ್ರಮ್ಮ ಮನ್ಸೂರ ಅವರ ರಂಗಗೀತೆ ಕೇಳು. ದನಿ ಏರಿದಾಗ ಪೇಟಿ ಏನು ಮಾಡುತ್ತದೆ, ದನಿ ನಿಂತಾಗ ಏನು ಮಾಡುತ್ತದೆ, ಅಷ್ಟನ್ನೇ ಗಮನಿಸು.

ಒಂದು ಮಾತು ಸ್ವರದ ಬಗ್ಗೆ. ನೀನು ಕಾರ್ಡ್ ಕೂರಿಸಿದ್ದೆ ಅಂತ ಬರೆದಿದ್ದೀಯ. ಕಾರ್ಡ್ ಅಂದರೆ ಷಡ್ಜ, ಪಂಚಮದ ಜೊತೆ ಒಂದು ಗಾಂಧಾರವೂ ಬಂದುಬಿಡುತ್ತದೆ. ಕಾಕಾ ಭೈರವಿಯಲ್ಲಿ ಹಾಡುವಾಗ ಕೋಮಲ ಗಾಂಧಾರ ಹಚ್ಚುತ್ತಾರೆ, ನಿನ್ನ ಕೈ ಶುದ್ಧ ಗಾಂಧಾರ ಒತ್ತಿರುತ್ತದೆ. ಎರಡೂ ಒಂದರ ಮೈಮೇಲೆ ಒಂದು ಬೀಳುತ್ತವೆ. ಮೊದಲು ಸಾ ಮತ್ತು ಪಾ ಮಾತ್ರ ಹಿಡಿದು ಕೂರು. ಅವರು ಗಾಂಧಾರ ಹಚ್ಚಿದ ಮೇಲೆ, ಅದನ್ನೇ ನೀನೂ ಮೆಲ್ಲಗೆ ಮುಟ್ಟು.

ಹಾರ್ಮೋನಿಯಂಗೆ ಒಂದು ಕೊರತೆ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಆಗುವುದಿಲ್ಲ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟು, ಮೂವತ್ತು ವರ್ಷ ಒಳಗೆ ಬಿಡದೇ ಇದ್ದುದಕ್ಕೆ ಅದೂ ಒಂದು ಕಾರಣ. ಅಪ್ಪನಿಗೆ ಆ ನೋವು ಕೊನೆತನಕ ಇತ್ತು. ನಿನ್ನ ಕೀಬೋರ್ಡ್‌ನ ಎಡಗಡೆ ಒಂದು ಚಕ್ರ ಇರುತ್ತದಲ್ಲ, ಅದನ್ನು ತಿರುವಿದರೆ ಸ್ವರ ಜಾರುತ್ತದೆ. ಅಪ್ಪನ ಕೈಗೆ ಸಿಗದೇ ಹೋದದ್ದು ನಿನ್ನ ಕೈಯಲ್ಲಿದೆ. ಹಗುರಕ್ಕೆ ಬಳಸು.

ಇನ್ನೊಂದು. ಕವರಿನ ಮೇಲೆ ಕಾಕಾನ ಹೆಸರು ನಿನ್ನ ಹೆಸರಿನಷ್ಟೇ ದೊಡ್ಡದಾಗಿ, ನಿನಗಿಂತ ಮೊದಲು ಬರಲಿ. ದುಡ್ಡು ಬಂದರೆ ಸರಿ ಅರ್ಧ. ಈಗಲೇ ಮಾತಾಡಿಕೊಳ್ಳಿ. ಎಷ್ಟೋ ಹಳೇ ಕ್ಯಾಸೆಟ್‌ಗಳ ಮೇಲೆ ನಮ್ಮ ಅಪ್ಪ ನುಡಿಸಿದ್ದಾರೆ, ಒಂದರ ಮೇಲೂ ಅವರ ಹೆಸರಿಲ್ಲ.

ಕೌಲ್ ಬಜಾರ್ ಕೇಳುಗ, ಬಳ್ಳಾರಿ

ಅಕ್ಕಾವ್ರು ಚಕ್ರದ ಬಗ್ಗೆ, ತಿದಿಯ ಬಗ್ಗೆ ಬರೆದದ್ದು ನೋಡಿ ಒಂದು ಹೇಳಲೇಬೇಕು. ವ್ಯಾಂಗೆಲಿಸ್ ಅವರ ಮೆಚ್ಚಿನ ವಾದ್ಯ ಯಮಹಾ ಸಿಎಸ್ 80. ಸುಮಾರು ನೂರು ಕೆಜಿ ತೂಕ, ಅಂದರೆ ಕಾಕಾ ಹೊರುವ ಅಕ್ಕಿ ಮೂಟೆ ಎಷ್ಟೋ ಅಷ್ಟೋ ಜಾಸ್ತಿಯೋ ಇದ್ದೀತು. ಏಕಕಾಲಕ್ಕೆ ಎಂಟು ಸ್ವರ ನುಡಿಯುತ್ತಿತ್ತು. ಅದರ ವಿಶೇಷ ಏನೆಂದರೆ, ಮನೆ ಒತ್ತಿದ ಮೇಲೂ ಬೆರಳನ್ನು ಇನ್ನಷ್ಟು ಅದುಮಿದರೆ ಆ ಒಂದು ಸ್ವರ ಮಾತ್ರ ಉಬ್ಬುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಪ್ರತಿ ಬೆರಳಿಗೂ ಬೇರೆ ಬೇರೆ ತಿದಿ ಇದ್ದ ಹಾಗೆ. ಮನೆಗಳ ಮೇಲ್ಗಡೆ ಒಂದು ಉದ್ದ ಪಟ್ಟಿ, ಅದರ ಮೇಲೆ ಬೆರಳು ಎಳೆದರೆ ಸ್ವರ ಜಾರುತ್ತದೆ. ಕಾಲ ಕೆಳಗೆ ವಾಲ್ಯೂಂ ಪೆಡಲ್ಲುಗಳು. ಲಂಡನ್‌ನಲ್ಲಿ ಕೂತ ಆ ಗ್ರೀಕ್ ಮನುಷ್ಯ ಮಾಡುತ್ತಿದ್ದದ್ದು ನಮ್ಮ ಪೇಟಿ ಮಾಸ್ತರರ ಕೆಲಸವೇ. ಇಷ್ಟು ವರ್ಷ ಕೇಳಿದರೂ ನನಗೆ ಇದು ಇವತ್ತು ಹೊಳೆಯಿತು.

ತಮ್ಮಾ, ನಿನ್ನ ಕೀಬೋರ್ಡ್‌ಗೆ ಬೆರಳಿನ ಒತ್ತು ತಿಳಿಯದಿದ್ದರೆ ಕಾಲಿಗೆ ಒಂದು ಪೆಡಲ್ ಹಾಕಿಕೋ. ಸ್ವರ ಹಿಡಿದೇ ಇರು, ಕಾಲಿನಿಂದ ಏರಿಸು, ಇಳಿಸು.

ಗಂಗಾವತಿ ಕೀಬೋರ್ಡ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಉತ್ತರ ಬರೆಯಲು ತಡವಾಯಿತು, ಮೊನ್ನೆಯ ಅಮಾವಾಸ್ಯೆಗೆ ಕಾಯುತ್ತಿದ್ದೆ.

ಮನೆಯಲ್ಲಿ ಐದು ಕೌದಿ ಸಿಕ್ಕವು. ಅಜ್ಜಿ ಹೊಲಿದದ್ದು ಒಂದು, ಅದನ್ನು ಕಾಕಾನ ಬೆನ್ನ ಹಿಂದೆ ಕಟ್ಟಿದೆ. ಫ್ಯಾನ್ ಆಫ್. ಏಕತಾರಿ ಅಳೆದರೆ ಕರಿ ಒಂದಕ್ಕಿಂತ 22 ಸೆಂಟ್ಸ್ ಮೇಲಿತ್ತು. ಕೀಬೋರ್ಡ್ ಏರಿಸಿದೆ. ಬರೀ ಸಾ-ಪಾ ಹಿಡಿದೆ. ಕಾಕಾ ತಟ್ಟನೆ ತಲೆ ಎತ್ತಿ ನನ್ನ ಕಡೆ ನೋಡಿದರು. ‘ಈಗ ಕೂಡ್ತು’ ಅಂದರು. ಅಷ್ಟೇ ಅಂದದ್ದು.

ಅಕ್ಕಾವ್ರೆ, ನಿಮ್ಮ ಅಪ್ಪ ಹೇಳಿದ ಹಾಗೆ ಕೊರಳನ್ನೇ ನೋಡುತ್ತಾ ಕೂತೆ. ನಿಜ, ಕುಳಿ ಒಳಗೆ ಹೋಗುತ್ತದೆ. ಎರಡನೇ ನುಡಿ ಆದ ಮೇಲೆ ಕಾಕಾ ಸುಮ್ನೆ ಇದ್ದುಬಿಟ್ಟರು. ಏಕತಾರಿ ಮಾತ್ರ ಮೀಟುತ್ತಿದ್ದಾರೆ. ಮೊದಲಾದರೆ ನಾನು ಅಲ್ಲಿ ಕೊಳಲಿನ ಟೋನ್ ತುಂಬುತ್ತಿದ್ದೆ. ಈ ಸಲ ಕೈ ಎತ್ತಲಿಲ್ಲ, ಇಳಿಸಲಿಲ್ಲ. ಕಾಲಿನಿಂದ ಸದ್ದನ್ನು ಇಲ್ಲ ಅನ್ನುವಷ್ಟಕ್ಕೆ ಇಳಿಸಿ ಕಾದೆ. ರೆಕಾರ್ಡಿಂಗ್‌ನಲ್ಲಿ ನೋಡಿದರೆ ಹತ್ತೊಂಬತ್ತು ಸೆಕೆಂಡ್. ಕೂತಾಗ ಅದು ಬಹಳ ಹೊತ್ತು ಅನ್ನಿಸಿತ್ತು. ಆಮೇಲೆ ಕೊರಳ ಕುಳಿ ಒಳಗೆ ಹೋಯಿತು, ನನ್ನ ಕಾಲು ತಾನಾಗಿ ಮುಂದೆ ಒತ್ತಿತು, ಕಾಕಾ ಮೇಲಿನ ಷಡ್ಜದಲ್ಲಿ ಎದ್ದರು. ನನ್ನ ಕೈಮೇಲಿನ ಕೂದಲು ನಿಂತವು. ಹದಿನಾಲ್ಕು ವರ್ಷದಲ್ಲಿ ನುಡಿಸುವಾಗ ಹೀಗೆ ಆದದ್ದು ಇದೇ ಮೊದಲು.

ಒಂದೇ ದಿನದಲ್ಲಿ ಎರಡು ಪದ ಆದವು. ಒಂದು ಏಳು ನಿಮಿಷ, ಇನ್ನೊಂದು ಹನ್ನೊಂದು. ಮೂರನೆಯದಕ್ಕೆ ಚಕ್ರ ಬಳಸಿ ನೋಡಿದೆ, ಜಾಸ್ತಿ ಆಯಿತು, ತೆಗೆದುಹಾಕಿದೆ. ಹೆಸರು, ದುಡ್ಡಿನ ಮಾತು ಎರಡೂ ಊಟಕ್ಕೆ ಮುಂಚೆಯೇ ಮುಗಿಸಿದೆ. ಕಾಕಾ ತಮ್ಮ ಹೆಸರಿನ ಜೊತೆ ಗುರುಗಳ ಹೆಸರೂ ಬೇಕು ಅಂದರು, ಹಾಕುತ್ತೇನೆ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಮುನಿರಾಬಾದ್ ಹಿರಿಯರ ಕ್ಯಾಸೆಟ್ ಹಾಕಿದೆ. ಕಾಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿ ಒಂದು ಬದಿ ಪೂರ್ತಿ ಕೇಳಿದರು. ಮುಗಿದ ಮೇಲೆ, ಈ ಹಾಡಾವ ಏನು ಕೆಲಸ ಮಾಡಿಕೊಂಡಿದ್ದ ಅಂತ ಕೇಳಿದರು. ಬಳ್ಳಾರಿ ಸರ್ ಬರೆದದ್ದನ್ನು ಹೇಳಿದೆ: ಲಾರಿ ಓಡಿಸುತ್ತಿದ್ದ, ಮನೆ ಮನೆಗೆ ಹಾಲು ಹಾಕುತ್ತಿದ್ದ. ಕಾಕಾ ಸ್ವಲ್ಪ ಹೊತ್ತು ಯೋಚಿಸಿದರು.

‘ಹಂಗಾರ ನಸುಕಿನಾಗ ಏಳಾಂವ’ ಅಂದರು. ‘ಗಂಟ್ಲಾಗ ಗೊತ್ತಾಗತೈತಿ. ಇನ್ನೊಂದು ಮಗ್ಗಲಾ ಹಾಕು.’